ನೂರಕ್ಕೆ ತೊಂಬತ್ತೊಂದು ಬರುತ್ತೆ

ಐದನೇ ಪ್ರಶ್ನೆಯನ್ನು ಬರೆದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಬೇರೆಯವರ ಮೇಲೆ ಸಾಕಷ್ಟು ಸಿಡುಕಲಿದ್ದೇನೆ. ಆಗ ಇವನೊಬ್ಬನೇ ಸಾಚಾ ಎಂದು ಯಾರಿಗೂ ಅನ್ನಿಸಬಾರದು.

ಪ್ರಶ್ನೆ ಇಷ್ಟೇ ಇತ್ತು: ‘ನಿಮ್ಮ ಮಕ್ಕಳಿಗೆ ಕನ್ನಡ ಬರುತ್ತದೆಯೇ?’ ಅದರ ಮುಂದೆ ಎರಡು ಚೌಕ. ಹೌದು, ಇಲ್ಲ.

ಮುಂಬೈ ಬಳಿಯ ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ನಮ್ಮ ನಂದಾದೀಪ ಕನ್ನಡ ಬಳಗದ ಕಟ್ಟಡ. ಕೆಳಗೆ ಹಾಲ್, ಮೇಲೆ ಒಂದೇ ಒಂದು ಕೋಣೆ. ಆ ಕೋಣೆಯಲ್ಲಿ ಹಿಂದೆ ರಾತ್ರಿ ಶಾಲೆ ನಡೆಯುತ್ತಿತ್ತು. ಹಗಲು ಕ್ಯಾಂಟೀನಿನಲ್ಲಿ ದುಡಿದು, ಸಂಜೆ ಅಲ್ಲಿ ಕೂತು ನಾನು ಹತ್ತನೇ ತರಗತಿ ಪಾಸಾದೆ. ಆಮೇಲೆ ಠಾಣೆಯ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ರಾತ್ರಿ ಶಾಲೆ ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಅದೇ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಓದಲು ಬರೆಯಲು ಕಲಿಸುತ್ತಾರೆ. ಕಲಿಸುವವರು ಸರಳಾ ಟೀಚರ್, ಮೈಸೂರಿನವರು, ವಿಮಾ ಕಚೇರಿಯಿಂದ ನಿವೃತ್ತರಾದವರು. ಹಾಜರಿ ಪುಸ್ತಕ, ಸೀಮೆಸುಣ್ಣ, ಬಿಸ್ಕತ್ತಿನ ಡಬ್ಬ ಎಲ್ಲವೂ ಅವರ ಚೀಲದಲ್ಲೇ ಬರುತ್ತವೆ, ಚೀಲದಲ್ಲೇ ಹೋಗುತ್ತವೆ.

ಜೂನ್ ಕೊನೆಯಲ್ಲಿ ಬಳಗದ ಕಾರ್ಯದರ್ಶಿ ಪುಂಡರೀಕಾಕ್ಷ ನನಗೆ ಫೋನ್ ಮಾಡಿದರು. ಅವರು ಬೆಂಗಳೂರಿನವರು, ಠಾಣೆಯಲ್ಲಿ ಫೈನಾನ್ಸ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ.

“ಲೀಲಾಧರ್, ಸದಸ್ಯರ ಮನೆಗಳದ್ದೊಂದು ಸಮೀಕ್ಷೆ ಮಾಡ್ಬೇಕು. ನಿಮಗೆ ಎಕ್ಸೆಲ್ ಬರುತ್ತಲ್ಲ?”

“ಬರ್ತದೆ,” ಎಂದೆ.

ಐರೋಲಿಯ ಕೊರಿಯರ್ ಕಂಪನಿಯೊಂದರಲ್ಲಿ ದಿನಕ್ಕೆ ಎಷ್ಟು ಪಾರ್ಸೆಲ್ ಹೋಯಿತು, ಎಷ್ಟು ವಾಪಸ್ ಬಂತು ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ಎಕ್ಸೆಲ್ ಬರುತ್ತದೆ ಎಂದರೆ ಎಷ್ಟು ಬರುತ್ತದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಲ್ಲ ತೊಂದರೆಯೂ ಆ ಫೋನಿನಲ್ಲೇ ಶುರುವಾಗಿತ್ತು ಎಂದು ಈಗ ಅನ್ನಿಸುತ್ತದೆ.

ನನ್ನ ಜೊತೆಗೆ ರಿತೇಶ್‌ನನ್ನು ಕೊಟ್ಟರು. ಇಪ್ಪತ್ತೆರಡು ವರ್ಷದವನು, ಇಲ್ಲೇ ಹುಟ್ಟಿ ಬೆಳೆದವನು, ಬಳಗದ ಜಂಟಿ ಕಾರ್ಯದರ್ಶಿ. ಪೋಸ್ಟರ್, ಬ್ಯಾನರ್, ವಾರ್ಷಿಕ ವರದಿ ಎಲ್ಲದರ ವಿನ್ಯಾಸ ಅವನದೇ. ನನ್ನ ಫಾರ್ಮನ್ನು ಅವನು ಕೈಯಲ್ಲಿ ಹಿಡಿದು ಎರಡು ಚೌಕಗಳನ್ನು ನೋಡಿದ.

“ಅಂಕಲ್, ಇದರಲ್ಲಿ ‘ಥೋಡಾ ಥೋಡಾ’ ಆಪ್ಶನ್ ನಹೀ ಹೈ?”

“ಸ್ವಲ್ಪ ಸ್ವಲ್ಪ ಅಂತೆಲ್ಲ ಬೇಡ ಮಾರಾಯ. ಮೂರು ಚೌಕ ಇಟ್ರೆ ಎಲ್ಲರೂ ನಡುವಿನದ್ದಕ್ಕೇ ಟಿಕ್ ಮಾಡ್ತಾರೆ. ಸಿಂಪಲ್ ಇರ್ಲಿ.”

ಆ ‘ಥೋಡಾ ಥೋಡಾ’ ಎಷ್ಟೋ ದಿನ ನನ್ನ ಕಿವಿಯಿಂದ ಹೋಗಲಿಲ್ಲ.

ಜುಲೈ ಪೂರ್ತಿ ಶನಿವಾರ, ಭಾನುವಾರ ಮನೆ ಮನೆ ಅಲೆದೆವು. ಕಲ್ಯಾಣದಲ್ಲಿ ಹುಬ್ಬಳ್ಳಿ ಕಡೆಯ ಒಂದು ಮನೆ. ಐದನೇ ಪ್ರಶ್ನೆ ಕೇಳುತ್ತಲೇ ಯಜಮಾನರು ಎದೆಯುಬ್ಬಿಸಿದರು.

“ಬರ್ತೈತ್ರಿ! ಯಾಕ್ ಬರಂಗಿಲ್ಲ? ಏ ಅಭಯ್, ಬಾ ಇಲ್ಲೆ. ಅಂಕಲ್‌ಗೆ ಕನ್ನಡದಾಗ ಮಾತಾಡಿ ತೋರ್ಸು.”

ಹದಿಮೂರು ವರ್ಷದ ಅಭಯ್ ಕಿವಿಯಿಂದ ಒಂದು ಇಯರ್‌ಫೋನ್ ತೆಗೆದು “ನಮಸ್ಕಾರ” ಎಂದ. ಮತ್ತೆ ಸಿಕ್ಕಿಸಿಕೊಂಡ. ಅಪ್ಪ ನನ್ನ ಮುಖ ನೋಡಿದರು. ನಾನು ‘ಹೌದು’ ಟಿಕ್ ಮಾಡಿದೆ.

ಠಾಣೆಯ ಇಪ್ಪತ್ತೇಳನೇ ಮಹಡಿಯಲ್ಲಿ ಬೆಂಗಳೂರಿನ ತಾಯಿಯೊಬ್ಬರು, “ಬರುತ್ತೆ, ಬರುತ್ತೆ. ಅರ್ಥ ಎಲ್ಲಾ ಆಗುತ್ತೆ. ಮಾತಾಡೋಕೆ ಮಾತ್ರ ಸ್ವಲ್ಪ ನಾಚಿಕೆ” ಎಂದರು. ‘ಹೌದು’. ಕೋಪರಖೈರಣೆಯಲ್ಲಿ ನಮ್ಮ ಉಡುಪಿ ಕಡೆಯವರೊಬ್ಬರು, “ಮನೆಯಲ್ಲಿ ನಾವು ತುಳುವೇ. ಆದ್ರೆ ಕನ್ನಡ ಬರ್ತದೆ. ಬರದೆ ಎಲ್ಲಿಗೆ ಹೋಗ್ತದೆ?” ಎಂದು ನಕ್ಕರು. ‘ಹೌದು’. ಕೆಲವು ಮನೆಗಳಲ್ಲಿ ರಿತೇಶ್‌ನೇ ಕೇಳುತ್ತಿದ್ದ: “ಆಂಟಿ, ಬಚ್ಚೋಂ ಕೋ ಕನ್ನಡ ಆತಾ ಹೈ ನಾ?” ಆಂಟಿ “ಹಾಂ, ಆತಾ ಹೈ” ಎನ್ನುತ್ತಿದ್ದರು. ಕನ್ನಡ ಬರುತ್ತದೆಯೇ ಎಂಬುದನ್ನು ಹಿಂದಿಯಲ್ಲಿ ಕೇಳಿ, ಹಿಂದಿಯಲ್ಲಿ ಉತ್ತರ ಪಡೆದು, ‘ಹೌದು’ ಎಂದು ಬರೆದುಕೊಂಡು ಮೆಟ್ಟಿಲಿಳಿಯುತ್ತಿದ್ದೆವು. ಆಗ ನನಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಸುಸ್ತಾಗಿತ್ತು, ಕಾಲು ಒದ್ದೆಯಾಗಿತ್ತು, ಪಟ್ಟಿಯಲ್ಲಿ ಇನ್ನೂ ಒಂಬತ್ತು ಮನೆ ಉಳಿದಿತ್ತು.

ನಮ್ಮ ಮನೆಯ ಫಾರ್ಮನ್ನು ನಾನು ಠಾಣೆಯಿಂದ ಐರೋಲಿಗೆ ಹೋಗುವ ಲೋಕಲ್ ರೈಲಿನಲ್ಲಿ, ಬಾಗಿಲ ಹತ್ತಿರ ನಿಂತೇ ತುಂಬಿದೆ. ಮಗಳು ದಿಶಾ, ಹದಿನೈದು ವರ್ಷ. ಕನ್ನಡ ಬರುತ್ತದೆಯೇ? ಹೌದು. ಬೇರೇನು ಬರೆಯಲಿ? ಸಮೀಕ್ಷೆಯ ಸಂಚಾಲಕನ ಮಗಳಿಗೇ ಬರುವುದಿಲ್ಲ ಎಂದೇ?

ಬಳಗದಲ್ಲಿ ನಾನೂರ ಮೂವತ್ತು ಸದಸ್ಯ ಕುಟುಂಬಗಳು. ಉತ್ತರ ಸಿಕ್ಕಿದ್ದು ಇನ್ನೂರ ಹನ್ನೆರಡರಿಂದ. ಅವುಗಳಲ್ಲಿ ಮಕ್ಕಳಿರುವ ಮನೆ ನೂರ ನಲವತ್ತು. ‘ಹೌದು’ ಎಂದವರು ನೂರ ಇಪ್ಪತ್ತೇಳು. ಇದನ್ನೆಲ್ಲ ಒಂದು ಹಾಳೆಯಲ್ಲಿ ಹಾಕಿ, ಉತ್ತರಿಸದವರ ಸಂಖ್ಯೆಯನ್ನೂ ಕೆಳಗೆ ನಮೂದಿಸಿ, ಪುಂಡರೀಕಾಕ್ಷರಿಗೆ ಕಳಿಸಿದೆ. “ಸೂಪರ್” ಎಂದು ಉತ್ತರ ಬಂತು. ಹೆಬ್ಬೆರಳಿನ ಚಿತ್ರವೂ.

ಆಗಸ್ಟ್ ಮೊದಲ ವಾರ ಸಮಿತಿ ಸಭೆ. ಗೋಡೆಯ ಮೇಲೆ ಸ್ಲೈಡ್ ಬಿತ್ತು. ದೊಡ್ಡ ಹಸಿರು ವೃತ್ತ, ನಡುವೆ ‘91%’. ಕೆಳಗೆ ಬರಹ: ‘ನಂದಾದೀಪ ಪರಿವಾರದ ಶೇ. 91 ಮಕ್ಕಳಿಗೆ ಕನ್ನಡ ಬರುತ್ತದೆ.’

ನಾನು ಮುಜುಗರದಿಂದ ಕೈಯೆತ್ತಿದೆ. “ಪರಿವಾರದ ಅಂದ್ರೆ… ಉತ್ತರ ಕೊಟ್ಟದ್ದು ಅರ್ಧ ಮನೆಯವರು ಮಾತ್ರ.”

“ಹೌದು ಹೌದು, ಅದು ಡೀಟೇಲು,” ಎಂದು ಪುಂಡರೀಕಾಕ್ಷ ಮುಂದಿನ ಸ್ಲೈಡಿಗೆ ಹೋದರು.

ಎರಡು ಕಂಬಗಳು. ಒಂದು ಎತ್ತರ, ಇನ್ನೊಂದು ಮೊಣಕಾಲೆತ್ತರ. ‘ಭಾನುವಾರದ ತರಗತಿ: ಹಾಜರಿಯಲ್ಲಿ ಶೇ. 36 ಕುಸಿತ.’

ಅಧ್ಯಕ್ಷ ತಾರಾನಾಥಣ್ಣ ಕನ್ನಡಕ ಸರಿಮಾಡಿಕೊಂಡರು. ಹೋಟೆಲಿನವರು, ಎಪ್ಪತ್ತು ದಾಟಿದವರು. “ನಂಗೆ ಈ ಗ್ರಾಫು ಗೀಫು ಗೊತ್ತಾಗುದಿಲ್ಲ ಮಾರಾಯ್ರೆ. ಅದು ಯಾಕೆ ಅಷ್ಟು ಗಿಡ್ಡ? ಮಕ್ಕಳೆಲ್ಲ ಓಡಿಹೋದ್ರಾ?”

“ಇಪ್ಪತ್ತೆರಡು ಇದ್ದದ್ದು ಹದಿನಾಲ್ಕಾಗಿದೆ ಅಣ್ಣ,” ಎಂದರು ಪುಂಡರೀಕಾಕ್ಷ.

“ಹದಿನಾಲ್ಕು ಅಂದ್ರೆ ಇಪ್ಪತ್ತೆರಡರ ಅರ್ಧಕ್ಕಿಂತ ಜಾಸ್ತಿ ಅಲ್ವಾ? ಇಲ್ಲಿ ಐದನೇ ಒಂದು ಭಾಗ ಕೂಡ ಕಾಣುದಿಲ್ಲ.”

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಎಡಬದಿಯ ಅಂಕಿಗಳು ಸೊನ್ನೆಯಿಂದ ಶುರುವಾಗಿರಲಿಲ್ಲ, ಹನ್ನೆರಡರಿಂದ ಶುರುವಾಗಿದ್ದವು. ಹಾಗಾಗಿ ಒಂದು ಕಂಬದ ಎತ್ತರ ಹತ್ತು, ಇನ್ನೊಂದರದ್ದು ಎರಡು. ನಾನು ಇದನ್ನು ಹೇಳಿದೆ.

“ಅದು ನಾನು ಮಾಡಿದ್ದಲ್ಲ ಲೀಲಾಧರ್, ಸಾಫ್ಟ್‌ವೇರ್ ತಾನಾಗೇ ತಗೊಳ್ಳುತ್ತೆ,” ಎಂದರು ಪುಂಡರೀಕಾಕ್ಷ.

ಮೂಲೆಯಲ್ಲಿ ಕೂತಿದ್ದ ಸರಳಾ ಟೀಚರ್ ಹಾಜರಿ ಪುಸ್ತಕ ತೆರೆದರು. “ಇಪ್ಪತ್ತೆರಡು ಹೋದ ವರ್ಷ ಜೂನ್ ಮೊದಲನೇ ಭಾನುವಾರದ್ದು. ಹೊಸ ಪುಸ್ತಕ ಕೊಡ್ತೀವಿ ಅಂತ ಎಲ್ಲಾ ಬಂದಿದ್ರು. ಹದಿನಾಲ್ಕು ಈ ಮಾರ್ಚಿಂದು, ಪರೀಕ್ಷೆ ಸಮಯ. ಹೋದ ವರ್ಷ ಮಾರ್ಚ್‌ನಲ್ಲೂ ಹದಿಮೂರೇ ಇದ್ರು. ಹಾಗೆ ನೋಡಿದ್ರೆ ಒಬ್ಬ ಜಾಸ್ತಿ ಆಗಿದಾನೆ.”

“ಟೀಚರ್, ಪ್ಲೀಸ್. ಭಾವನೆ ಬೇರೆ, ಡೇಟಾ ಬೇರೆ.”

“ಇದು ಭಾವನೆ ಅಲ್ಲ ಕಣ್ರೀ, ಹಾಜರಿ ಪುಸ್ತಕ!”

ಕೊನೆಯ ಸ್ಲೈಡು ಬಂದಾಗ ಎಲ್ಲ ತಿಳಿಯಿತು. ‘ತರಗತಿಯ ಉದ್ದೇಶ ಈಡೇರಿದೆ.’ ನೂರಕ್ಕೆ ತೊಂಬತ್ತೊಂದು ಮಕ್ಕಳಿಗೆ ಕನ್ನಡ ಬರುತ್ತದೆ, ತರಗತಿಗೆ ಮಕ್ಕಳು ಬರುವುದಿಲ್ಲ, ಆದ್ದರಿಂದ ಮೇಲಿನ ಕೋಣೆಗೆ ಎ.ಸಿ. ಹಾಕಿ, ಹಾಲನ್ನು ಮದುವೆಗೆ ಕೊಡುವಾಗ ಮದುಮಗಳ ಅಲಂಕಾರದ ಕೋಣೆ ಮಾಡುವುದು. ಸೆಪ್ಟೆಂಬರ್ ಮಹಾಸಭೆಯಲ್ಲಿ ಒಪ್ಪಿಗೆ ಪಡೆಯುವುದು. ವಾರ್ಷಿಕ ವರದಿಯಲ್ಲಿ ಸಮೀಕ್ಷೆಯ ಪುಟವನ್ನು ಸಂಚಾಲಕರ ಸಹಿಯೊಂದಿಗೆ ಅಚ್ಚು ಹಾಕುವುದು. ಸಂಚಾಲಕ ಎಂದರೆ ನಾನು.

ಸಭೆ ಮುಗಿದು ಮೆಟ್ಟಿಲಿಳಿಯುವಾಗ ಟೀಚರ್ ಹಿಂದಿನಿಂದ ಕೇಳಿದರು. “ಲೀಲಾಧರ್, ನಿಮ್ಮ ಮಗಳದ್ದು ಏನು ಬರೆದ್ರಿ?”

“ಹೌದು ಅಂತ ಬರೆದೆ ಟೀಚರ್.”

“ಅವಳು ಮೂರನೇ ಕ್ಲಾಸಲ್ಲಿ ನನ್ನ ತರಗತಿ ಬಿಟ್ಟಳು. ಒತ್ತಕ್ಷರ ಶುರುವಾಗಿತ್ತು. ಭಾನುವಾರ ಅಬ್ಯಾಕಸ್ ಕ್ಲಾಸ್ ಇದೆ ಅಂತ ನೀವೇ ಬಿಡಿಸಿದ್ರಿ.”

ಟೀಚರ್ ಚೀಲವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡು ಆಟೋ ಸಾಲಿನ ಕಡೆಗೆ ನಡೆದರು.

ಮನೆಗೆ ಬಂದವನೇ ಒಂದು ಚೀಟಿಯಲ್ಲಿ ಬರೆದೆ: ‘ನಮ್ಮ ಮನೆಗೆ ಬನ್ನಿ, ಚಹಾ ಕುಡಿಯಿರಿ.’ ಸೋಫಾದ ಮೇಲೆ ಫೋನ್ ಹಿಡಿದು ಮಲಗಿದ್ದ ದಿಶಾಳ ಮುಂದೆ ಹಿಡಿದೆ.

“ಇದನ್ನು ಓದು.”

ಅವಳು ಚೀಟಿಯನ್ನು ಒಮ್ಮೆ ನೇರವಾಗಿ, ಒಮ್ಮೆ ಓರೆಯಾಗಿ ನೋಡಿದಳು. “ಪಪ್ಪಾ, ಯೇ ಜಲೇಬಿ ಮೇರೆ ಸೇ ನಹೀ ಹೋಗಾ.” ಜಲೇಬಿ ಎಂದರೆ ನಮ್ಮ ಗುಂಡಗಿನ ಕನ್ನಡ ಅಕ್ಷರ.

“ನಿನಗೆ ಕನ್ನಡ ಬರ್ತದಲ್ಲ?”

“ಆತಾ ಹೈ ನಾ! ಸಮಝ್‌ತಾ ಹೈ. ಈಗ ನೀವು ಹೇಳಿದ್ದು ತಿಳೀತಲ್ಲಾ? ಓದ್ಲಿಕ್ಕೆ ಬರ್ತದೆ ಅಂತ ನಾನು ಯಾವಾಗ ಹೇಳಿದ್ದು?”

ಹೆಂಡತಿ ಸುಂದರಿ ಅಡುಗೆಮನೆಯಿಂದಲೇ ತುಳುವಿನಲ್ಲಿ ಕೇಳಿದಳು, ಊರೆಲ್ಲ ಸುತ್ತುವ ಮೊದಲು ಈ ಸರ್ವೆಯನ್ನು ಮನೆಯಿಂದಲೇ ಸುರು ಮಾಡಬಹುದಿತ್ತಲ್ಲ ಎಂದು. ಅವಳು ಹೇಳಿದ್ದು ಸರಿ. ಅವಳು ಹೇಳುವುದನ್ನು ಯಾವಾಗಲೂ ಕುಕ್ಕರ್ ಸೀಟಿಯ ನಡುವೆ ಹೇಳುತ್ತಾಳೆ, ಹಾಗಾಗಿ ನಾನು ಕೇಳಿಸದವನಂತೆ ಇರಬಹುದು. ಅಂದು ಸೀಟಿ ಬೀಳಲಿಲ್ಲ.

ದಿಶಾ ಸುಳ್ಳು ಹೇಳಿರಲಿಲ್ಲ. ಕಲ್ಯಾಣದ ಯಜಮಾನರೂ ಹೇಳಿರಲಿಲ್ಲ, ಠಾಣೆಯ ತಾಯಿಯೂ ಹೇಳಿರಲಿಲ್ಲ. ಒಂದೊಂದು ಮನೆಯಲ್ಲೂ ಎಲ್ಲರೂ ನಿಜವನ್ನೇ ಹೇಳಿದ್ದರು. ಕೂಡಿಸಿದ ಮೇಲೆ ಅದು ಸುಳ್ಳಾಗಿತ್ತು. ಒಬ್ಬರಿಗೆ ‘ಬರುತ್ತೆ’ ಎಂದರೆ ಬೈದರೆ ತಿಳಿಯುತ್ತದೆ. ಇನ್ನೊಬ್ಬರಿಗೆ ಅಜ್ಜಿಯ ಹತ್ತಿರ ಫೋನಿನಲ್ಲಿ ಎರಡು ಮಾತು. ನೂರ ಇಪ್ಪತ್ತೇಳು ಬಗೆಯ ‘ಬರುತ್ತೆ’ಗಳನ್ನು ನಾನು ಒಂದೇ ಚೌಕಕ್ಕೆ ತುರುಕಿದ್ದೆ. ಪುಂಡರೀಕಾಕ್ಷ ಅದಕ್ಕೆ ಹಸಿರು ಬಣ್ಣ ಬಳಿದರು, ಅಷ್ಟೇ.

ಸರಿಪಡಿಸೋಣ ಎಂದುಕೊಂಡೆ. ಮುಂದಿನ ಎರಡು ವಾರ ಆಫೀಸಿನಿಂದ ಬರುತ್ತಾ, ರಜೆ ದಿನಗಳಲ್ಲಿ ಹೋಗುತ್ತಾ, ಅದೇ ಚೀಟಿಯನ್ನು ಮಕ್ಕಳ ಕೈಗೆ ಕೊಟ್ಟೆ. ಕೆಲವರು ನಕ್ಕರು. ಒಬ್ಬಳು ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿ ಇಂಗ್ಲಿಷಿನಲ್ಲಿ ಓದಿ ತೋರಿಸಿದಳು. ಒಬ್ಬ ಹುಡುಗನ ತಂದೆ, “ಏನ್ರೀ ಇದು, ಪರೀಕ್ಷೆ ತಗೊಳ್ಳೋಕೆ ಬಂದ್ರಾ?” ಎಂದು ಬಾಗಿಲಲ್ಲೇ ನಿಲ್ಲಿಸಿದರು. ಒಟ್ಟು ಮೂವತ್ತೊಂದು ಮಕ್ಕಳು. ಓದಿದವರು ನಾಲ್ವರು. ನಾಲ್ವರೂ ಭಾನುವಾರದ ತರಗತಿಯವರು.

ನನಗೆ ಬಹಳ ಹುಮ್ಮಸ್ಸು ಬಂತು. ಸಮಿತಿಯ ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳಿದೆ: “ಮೂವತ್ತೊಂದರಲ್ಲಿ ನಾಲ್ಕು. ಅಂದರೆ ನೂರಕ್ಕೆ ಹದಿಮೂರು. ತೊಂಬತ್ತೊಂದಲ್ಲ.”

ಪುಂಡರೀಕಾಕ್ಷ ಸಿಟ್ಟಾಗಲಿಲ್ಲ. ಮುಗುಳ್ನಕ್ಕರು. “ಒಳ್ಳೇ ಕೆಲಸ. ಒಂದು ಸಣ್ಣ ಪ್ರಶ್ನೆ. ಈ ಮೂವತ್ತೊಂದು ಮಕ್ಕಳನ್ನ ಹೇಗೆ ಆರಿಸಿದ್ರಿ?”

ಸಂಜೆ ಕಾಲೇಜಿನ ಸಂಖ್ಯಾಶಾಸ್ತ್ರದ ಮೇಷ್ಟ್ರು ಇದೇ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ನಾನು ಯೋಚಿಸಿದೆ. ಹನ್ನೊಂದು ಮಕ್ಕಳು ನಮ್ಮದೇ ಹೌಸಿಂಗ್ ಸೊಸೈಟಿಯವರು. ಎಂಟು ಮಂದಿ ಸ್ಟೇಷನ್ನಿನಿಂದ ಮನೆಗೆ ಬರುವ ದಾರಿಯವರು. ಉಳಿದವರು ಯಾರು? ಜುಲೈಯಲ್ಲಿ ‘ಹೌದು’ ಟಿಕ್ ಮಾಡುವಾಗ ನನಗೆ ಒಳಗೊಳಗೇ ಸಂಶಯ ಬಂದಿದ್ದ ಮನೆಯವರು. ಓದಲು ಬರಲಾರದು ಎಂದು ಅನ್ನಿಸಿದಲ್ಲಿಗೇ ನಾನು ಹೋಗಿದ್ದೆ.

ಇದನ್ನು ಹೇಳದೆ ಇರಬಹುದಿತ್ತು. ಹೆಸರುಗಳ ಚೀಟಿ ಎತ್ತಿ ಆರಿಸಿದೆ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಇಬ್ಬರು ನಗುತ್ತಿದ್ದರು.

“ನೋಡಿ, ನಿಮಗೆ ಬೇಕಾದ ಉತ್ತರ ಸಿಗೋ ಕಡೆ ಹೋಗಿ ಎಣಿಸ್ಕೊಂಡು ಬಂದಿದೀರಿ,” ಎಂದರು ಪುಂಡರೀಕಾಕ್ಷ. ದನಿಯಲ್ಲಿ ಬೇಸರವೂ ಇತ್ತು, ಕರುಣೆಯೂ ಇತ್ತು. “ನನ್ನದರಲ್ಲಿ ಇನ್ನೂರ ಹನ್ನೆರಡು ಮನೆ ಇದೆ. ನಿಮ್ಮದರಲ್ಲಿ ಮೂವತ್ತೊಂದು ಮಕ್ಕಳು. ಪುಟಕ್ಕೆ ಸಹಿ ಮಾಡಿ ಕೊಡಿ ಲೀಲಾಧರ್. ಪ್ರಿಂಟಿಗೆ ಲೇಟಾಗ್ತಿದೆ.”

ಅಲ್ಲಿಗೆ ನನ್ನ ಹದಿಮೂರು ಸತ್ತಿತು, ಅವರ ತೊಂಬತ್ತೊಂದು ಬದುಕಿತು. ನನ್ನದು ತಪ್ಪು ಲೆಕ್ಕ, ಒಪ್ಪಿದೆ. ಆದರೆ ನನ್ನದು ತಪ್ಪಾದ ಮಾತ್ರಕ್ಕೆ ಅವರದ್ದು ಸರಿಯಾಗುವುದು ಹೇಗೆ? ಡೊಂಬಿವಲಿಯಿಂದ ಠಾಣೆ, ಠಾಣೆಯಿಂದ ಐರೋಲಿ, ಮತ್ತೆ ವಾಪಸ್, ಮೂರು ದಿನ ಇದನ್ನೇ ಮೆಲುಕು ಹಾಕಿದೆ. ಸಭೆಯಲ್ಲಿ ಹೇಳಬೇಕಾದ ಮಾತು ನನಗೆ ಯಾವಾಗಲೂ ಮರುದಿನ ರೈಲು ದಿವಾ ಸ್ಟೇಷನ್ ದಾಟಿದ ಮೇಲೆಯೇ ಹೊಳೆಯುವುದು.

ಸಹಿಯ ಪುಟ ನನ್ನ ಚೀಲದಲ್ಲಿತ್ತು. ಪುಂಡರೀಕಾಕ್ಷರೇ ಟೈಪ್ ಮಾಡಿಸಿದ್ದರು. ಹಸಿರು ವೃತ್ತ, ಗಿಡ್ಡ ಕಂಬ, ‘ಉದ್ದೇಶ ಈಡೇರಿದೆ’, ಕೆಳಗೆ ಗೆರೆ: ‘ಸಂಚಾಲಕರ ಸಹಿ’. ಸಹಿ ಮಾಡದಿದ್ದರೆ ಬೇರೆಯವರ ಹೆಸರು ಹಾಕಿಯಾರು. ಮಾಡಿದರೆ ನಾನು ಓದಿದ ಕೋಣೆಗೆ ನಾನೇ ಬೀಗ ಹಾಕಿದ ಹಾಗೆ. ನಾಲ್ಕನೇ ದಿನ ಆಫೀಸಿನ ಊಟದ ಹೊತ್ತಿನಲ್ಲಿ ಸಹಿ ಮಾಡಿದೆ. ಅದರ ಕೆಳಗೆ ಖಾಲಿ ಜಾಗವಿತ್ತು. ಅಲ್ಲಿ ಸ್ಪಷ್ಟವಾದ ಅಕ್ಷರಗಳಲ್ಲಿ ಬರೆದೆ:

‘ಈ 127ರಲ್ಲಿ ನನ್ನ ಮಗಳೂ ಇದ್ದಾಳೆ. ಅವಳಿಗೆ ಈ ಸಾಲು ಓದಲು ಬರುವುದಿಲ್ಲ. ನಾನು ಪ್ರಶ್ನೆಯನ್ನು ತಪ್ಪಾಗಿ ಕೇಳಿದೆ.’

ಗುಟ್ಟಾಗಿ ಅಚ್ಚು ಹಾಕಿಸುವ ಉಪಾಯ ಇದಾಗಿರಲಿಲ್ಲ. ಅಂಥ ಧೈರ್ಯ ನನ್ನದಲ್ಲ. ಪುಂಡರೀಕಾಕ್ಷ ಇದನ್ನು ನೋಡುತ್ತಾರೆ, ಕೆಂಡವಾಗುತ್ತಾರೆ, ಪುಟ ಹರಿಯುತ್ತಾರೆ, ಆಗಲಾದರೂ ಇಬ್ಬರೂ ಕೂತು ಮಾತಾಡಬಹುದು ಎಂದಷ್ಟೇ ಲೆಕ್ಕ ಹಾಕಿದ್ದೆ. ಪುಟವನ್ನು ರಿತೇಶ್‌ಗೆ ಕೊಟ್ಟೆ. ಅವನು ಅಲ್ಲೇ ಫೋನಿನಲ್ಲಿ ಸ್ಕ್ಯಾನ್ ಮಾಡಿಕೊಂಡ. ಪುಂಡರೀಕಾಕ್ಷ ಯಾರದೋ ಮದುವೆಗೆ ಬೆಂಗಳೂರಿಗೆ ಹೋಗಿದ್ದರು. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ‘ಸಹಿ ವಿಷಯ ಮಾತಾಡಬೇಕಿತ್ತು’ ಎಂದು ಮೆಸೇಜ್ ಹಾಕಿದೆ. ಹೆಬ್ಬೆರಳು ಬಂತು. ರಿತೇಶ್‌ಗೂ ಕೇಳಿದೆ.

“ನಾನು ಕೊಟ್ಟ ಪುಟ ಸರಿ ನೋಡಿದ್ಯಾ?”

“ಹಾಂ ಅಂಕಲ್, ಚೆಕ್ ಮಾಡಿದೆ. ಏಕ್‌ದಮ್ ಫಿಟ್ ಬಂದಿದೆ. ನಿಮ್ಮ ಮೆಸೇಜ್ ಭೀ ಮಸ್ತ್ ದಿಖ್ ರಹಾ ಹೈ, ಹ್ಯಾಂಡ್‌ರೈಟಿಂಗ್ ಮೇ. ಪರ್ಸನಲ್ ಟಚ್!”

ನಾನು ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ನನ್ನ ಮೆಸೇಜ್! ಶುಭಾಶಯ ಎಂದುಕೊಂಡಿದ್ದಾನೆ ಹುಡುಗ. ‘ಅದರಲ್ಲಿ ಏನು ಬರೆದಿದೆ ಗೊತ್ತಾ’ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಕರೆದರೆಂದು ಅವನು ಫೋನಿಟ್ಟ. ನಾನು ಮತ್ತೆ ಮಾಡಲಿಲ್ಲ. ಮಾಡಬೇಕಿತ್ತೇ? ಈಗಲೂ ನನಗೆ ಗೊತ್ತಿಲ್ಲ. ಮಾಡಲಿಲ್ಲ ಎಂಬುದು ಮಾತ್ರ ನಿಜ.

ಸೆಪ್ಟೆಂಬರಿನ ಮಹಾಸಭೆಯ ದಿನ ಹಾಲ್ ತುಂಬಿತ್ತು. ಬಾಗಿಲಲ್ಲಿ ಎಲ್ಲರಿಗೂ ವರದಿ ಪುಸ್ತಕ ಕೊಟ್ಟರು. ನಾನು ಹಿಂದಿನ ಸಾಲಿನಲ್ಲಿ ಹನ್ನೊಂದನೇ ಪುಟ ತೆರೆದು, ತಕ್ಷಣ ಮುಚ್ಚಿ, ಅದರ ಮೇಲೆ ಕೈಯಿಟ್ಟು ಕೂತೆ. ಆರುನೂರು ಪ್ರತಿಗಳನ್ನು ಒಂದು ಕೈಯಿಂದ ಮುಚ್ಚಲಾಗುವುದಿಲ್ಲ ಎಂದು ಗೊತ್ತಿದ್ದರೂ.

ಪುಂಡರೀಕಾಕ್ಷ ಮೈಕ್ ಹಿಡಿದು ಶುರುಮಾಡಿದರು. “ಇದು ನನ್ನ ಅಭಿಪ್ರಾಯ ಅಲ್ಲ, ಡೇಟಾ. ನಮ್ಮ ಲೀಲಾಧರ್ ತಮ್ಮ ಕೈಯಾರೆ ಮಾಡಿ ಸಹಿ ಹಾಕಿರೋ ಸಮೀಕ್ಷೆ. ದಯವಿಟ್ಟು ಪುಟ ಹನ್ನೊಂದು ನೋಡಿ.”

ಪುಟ ಮಗುಚುವ ಸದ್ದು. ಎರಡನೇ ಸಾಲಿನಿಂದ ಯಾರೋ ಎದ್ದರು. ಕಲ್ಯಾಣದ ಅಭಯ್‌ನ ತಂದೆ.

“ಅಲ್ರೀ ಸೆಕ್ರೆಟ್ರಿ ಸಾಹೇಬ್ರ, ಕೆಳಗ ಕೈಲೆ ಏನೋ ಬರದಾರಲ್ಲ. ಓದ್ಲೇನು?” ಎಂದವರು ಒಪ್ಪಿಗೆಗೆ ಕಾಯದೆ ಗಟ್ಟಿಯಾಗಿ ಓದಿದರು. ಮೂರು ವಾಕ್ಯ. ಶಾಲೆಯಲ್ಲಿ ಪಾಠ ಓದುವ ಹುಡುಗನ ಹಾಗೆ ಪ್ರತಿ ಅಕ್ಷರವನ್ನೂ ಬಿಡಿಸಿ.

ಯಾರೋ ನಕ್ಕರು. ಪುಂಡರೀಕಾಕ್ಷ ಪುಸ್ತಕವನ್ನು ಕಣ್ಣಿನ ಹತ್ತಿರಕ್ಕೆ ತಂದು ಓದಿದರು, ಮುಖ ಕೆಂಪಗೆ ಮಾಡಿಕೊಂಡು ತಿರುಗಿದರು.

“ರಿತೇಶ್! ಪ್ರೂಫ್ ನೋಡಿದ್ದು ಯಾರು?”

“ಮೈನೇ ದೇಖಾ ಥಾ ಅಂಕಲ್. ಸಬ್ ಬರಾಬರ್ ಥಾ. ಮಾರ್ಜಿನ್, ಫಾಂಟ್…”

“ಕೆಳಗೆ ಬರೆದಿದ್ದು ಓದ್ಲಿಲ್ವಾ?”

ರಿತೇಶ್ ತಲೆ ತಗ್ಗಿಸಿದ. “ಓದ್ಲಿಕ್ಕೆ ನಹೀ ಆತಾ ಅಂಕಲ್.”

ಮೊದಲ ಸಾಲಿನಿಂದ ತಾರಾನಾಥಣ್ಣ ಕೋಲೂರಿ ಎದ್ದರು. “ಅಲ್ಲ ಮಗಾ, ನಿಂದು ಫಾರ್ಮ್ ತುಂಬಿದ್ದು ಯಾರು? ನಿನ್ನಪ್ಪ ಅಲ್ವಾ? ಬರ್ತದೆ ಅಂತ ಬರ್ದಿದ್ದಾರಲ್ಲ?”

“ಸಮಝ್‌ತಾ ಹೈ ಅಜ್ಜ. ನೀವು ಹೇಳೂದು ಎಲ್ಲ ತಿಳೀತದೆ.”

“ತಿಳೀತದೆ. ಹಾಂ. ಅದೇ ತೊಂಬತ್ತೊಂದರಲ್ಲಿ ನೀನೂ ಒಬ್ಬ.” ತಾರಾನಾಥಣ್ಣ ಪುಂಡರೀಕಾಕ್ಷರ ಕಡೆ ತಿರುಗಿದರು. “ನೋಡಿ ಮಾರಾಯ್ರೆ, ನಿಮ್ಮ ಪುಸ್ತಕ ಮಾಡಿದವನಿಗೇ ನಿಮ್ಮ ಪುಸ್ತಕ ಓದ್ಲಿಕ್ಕೆ ಬರುದಿಲ್ಲ. ಉದ್ದೇಶ ಈಡೇರಿದ್ದು ಯಾರದ್ದು?”

ಅಭಯ್‌ನ ತಂದೆ ಇನ್ನೂ ನಿಂತೇ ಇದ್ದರು. ನನ್ನನ್ನು ಹುಡುಕಿ, ಬೆರಳು ತೋರಿಸಿ ಹೇಳಿದರು. “ನಮ್ಮ ಅಭಯ್‌ಗೂ ಓದಾಕ ಬರಂಗಿಲ್ರೀ. ನೀವು ಕೇಳಿದ್ದು ಬರ್ತೈತೇನು ಅಂತ. ಓದ್ತಾನೇನು ಅಂತ ಎಲ್ಲಿ ಕೇಳಿದ್ರಿ? ಕೇಳಿದ್ರ ಹೇಳ್ತಿದ್ವಿ.”

“ಹೌದು, ತಪ್ಪು ನನ್ನದೇ,” ಎಂದೆ. ಮೈಕ್ ಇರಲಿಲ್ಲ, ಯಾರಿಗೂ ಕೇಳಿಸಲಿಲ್ಲ ಅನ್ನಿಸುತ್ತದೆ. ಆಗಲೇ ಅಲ್ಲಿ ಇಲ್ಲಿ ಜನ ಎದ್ದು, ನಮ್ಮವಳಿಗೂ ಬರಲ್ಲ, ನಮ್ಮವನಿಗೆ ಅಂಕಿ ಮಾತ್ರ ಬರುತ್ತೆ ಎಂದು ಹೇಳತೊಡಗಿದ್ದರು. ಎರಡು ವಾರ ನಾನು ಚೀಟಿ ಹಿಡಿದು ಬಾಗಿಲು ಬಾಗಿಲು ಅಲೆದಾಗ ಮುಖ ಗಂಟಿಕ್ಕಿದವರೇ ಈಗ ಪೈಪೋಟಿಯಲ್ಲಿ ಒಪ್ಪಿಕೊಳ್ಳುತ್ತಿದ್ದರು. ನನಗೆ ಸಂತೋಷವಾಗಬೇಕಿತ್ತು. ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಮೇಲಿನ ಕೋಣೆ ಈ ಒಂದು ವರ್ಷ ತರಗತಿಗೇ ಇರಲಿ ಎಂದು ತೀರ್ಮಾನವಾಯಿತು. ಆಮೇಲೆ ಹೊಸದಾಗಿ, ಸರಿಯಾಗಿ, ಇನ್ನೊಂದು ಸಮೀಕ್ಷೆ. “ಸಂಚಾಲಕರು ಯಾರು?” ಎಂದು ಯಾರೋ ಕೇಳಿದರು. “ಲೀಲಾಧರನೇ. ಅವನಿಗೆ ಎಲ್ಲಿ ತಪ್ಪಾಗ್ತದೆ ಅಂತ ಗೊತ್ತುಂಟಲ್ಲ,” ಎಂದರು ತಾರಾನಾಥಣ್ಣ. ಚಪ್ಪಾಳೆ ಬಿತ್ತು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಪುಂಡರೀಕಾಕ್ಷ ಪಕ್ಕದಲ್ಲೇ ಬಗ್ಗಿದ್ದರು. “ಮೆಸೇಜ್‌ನಲ್ಲಿ ಪೂರ್ತಿ ವಿಷಯ ಬರೀಬಹುದಿತ್ತು ಲೀಲಾಧರ್.”

“ಬರೀಬಹುದಿತ್ತು,” ಎಂದೆ. “ಧೈರ್ಯ ಆಗಲಿಲ್ಲ.”

ಅವರು ನನ್ನನ್ನೇ ನೋಡಿದರು. ಛತ್ರಿ ಬಿಚ್ಚಿಕೊಂಡು ಹೋದರು.

ಮರುವಾರ ಭಾನುವಾರ ದಿಶಾಳನ್ನು ಹೊರಡಿಸಲು ನನಗೂ ಸುಂದರಿಗೂ ಒಂದು ಗಂಟೆ ಹಿಡಿಯಿತು. ‘ಇಡೀ ಬಳಗದ ಮುಂದೆ ನನ್ನ ಮಾನ ತೆಗೆದಿರಿ’ ಎಂದು ಅವಳಿಗೆ ನನ್ನ ಮೇಲೆ ಸಿಟ್ಟು, ಅದು ನ್ಯಾಯವೇ. ಮೇಲಿನ ಕೋಣೆಗೆ ಹೋದರೆ ಅಲ್ಲಿ ರಿತೇಶ್ ಆಗಲೇ ಕೂತಿದ್ದ, ಎರಡನೇ ತರಗತಿಯ ಮಕ್ಕಳ ನಡುವೆ, ಮೊಣಕಾಲು ಮಡಚಿ. ಅರ್ಧ ಗಂಟೆಯ ನಂತರ ದಿಶಾ ಗಣಿತದ ಟ್ಯೂಷನ್ ಇದೆ ಎಂದು ಎದ್ದು ಹೋದಳು. ಹೋಗುವಾಗ ಬಾಗಿಲ ಮೇಲಿನ, ರಾತ್ರಿ ಶಾಲೆಯ ಹಳೆಯ ಫಲಕವನ್ನು ನೋಡಿ “ರಾ… ತ್ರಿ?” ಎಂದಳು. ಯಾರಿಗೂ ಅಲ್ಲ, ಗೋಡೆಗೆ.

ತರಗತಿ ಮುಗಿದ ಮೇಲೆ ಸರಳಾ ಟೀಚರ್ ಹಾಜರಿ ಪುಸ್ತಕ ನನ್ನ ಮುಂದಿಟ್ಟರು. ಅವರ ಮುಖದಲ್ಲಿ ಬಹಳ ದಿನಗಳ ಮೇಲೆ ಕಳೆಯಿತ್ತು.

“ಹದಿನಾಲ್ಕು ಇದ್ದದ್ದು ಹದಿನಾರಾಯ್ತು ಕಣ್ರೀ. ಎಷ್ಟು ಪರ್ಸೆಂಟ್ ಏರಿಕೆ ಅಂತ ಲೆಕ್ಕ ಹಾಕಿ ಕೊಡಿ. ಗ್ರೂಪಲ್ಲಿ ಹಾಕ್ತೀನಿ. ಆ ಪುಂಡರೀಕಾಕ್ಷ ಓದ್ಲಿ. ಒಂದು ಕಂಬಾನೂ ಹಾಕ್ಕೊಡಿ, ಎತ್ತರವಾಗಿ.”

ನೂರಕ್ಕೆ ಹದಿನಾಲ್ಕು ಏರಿಕೆ. ಲೆಕ್ಕ ನನ್ನ ತಲೆಯಲ್ಲಿ ಆಗಲೇ ಆಗಿಹೋಗಿತ್ತು. ಹನ್ನೆರಡರಿಂದ ಶುರುಮಾಡಿದರೆ ಕಂಬ ದುಪ್ಪಟ್ಟು ಎತ್ತರ ಕಾಣುತ್ತಿತ್ತು.

“ಬೇಡ ಟೀಚರ್.”

“ಯಾಕ್ರೀ? ಸುಳ್ಳೇನಲ್ಲವಲ್ಲ?”

“ಸುಳ್ಳಲ್ಲ. ಆದ್ರೂ ಬೇಡ. ಹೊಸಬರು ಎಷ್ಟು ಮಂದಿ ಅಂತ ಮಾತ್ರ ಬರೀರಿ.”

ಟೀಚರ್ ಪೆನ್ನಿನ ಟೋಪಿ ತೆಗೆದರು. “ಸರಿ. ಇಬ್ಬರು ಅಂತ ಬರೀಲಾ?”

ನಾನು ಬಾಗಿಲ ಕಡೆ ನೋಡಿದೆ.

“ಒಂದೂವರೆ ಅಂತ ಬರೀರಿ,” ಎಂದೆ.